ಷಡ್ಡಕನ ಬಲಗಡೆ

ಬೆಳಗ್ಗೆ ಎದ್ದಾಗಿನಿಂದ ಅವನಿಗೆ ತನ್ನ ಎಡಗೈಯ ಮೇಲೆ ಅನುಮಾನ ಶುರುವಾಗಿತ್ತು. ಬಚ್ಚಲಿನಲ್ಲಿ ನಲ್ಲಿ ತಿರುಗಿಸುವಾಗ ಅದು ಸರಿಯಾಗಿಯೇ ಕೆಲಸ ಮಾಡಿತು; ಅಂಗಿಯ ಗುಂಡಿ ಹಾಕುವಾಗಲೂ ತಕರಾರು ಮಾಡಲಿಲ್ಲ. ಆದರೆ ಅಡಿಗೆಮನೆಯ ಮೇಜಿಗೆ ಕೂತು, ಬೇಕೆಂದೇ ಎಡಗೈಯಲ್ಲಿ ಚಮಚ ಹಿಡಿದು ಕಾಫಿ ಕಲಕಲು ಹೋದರೆ, ಚಮಚ ಲೋಟದ ಅಂಚಿಗೆ ಬಡಿದು ಕಾಫಿ ಮೇಜಿನ ಮೇಲೆ ಹಾರಿತು. ಒರೆಸಿದ. ಮತ್ತೆ ಕಲಕಿದ. ಎದುರಿಗೆ ಹೆಂಡತಿ ತನ್ನ ಕನ್ನಡಕವನ್ನು ಅಂಗಡಿಯ ಹಳದಿ ಬಟ್ಟೆಯಿಂದ ಒರೆಸುತ್ತ ಕೂತಿದ್ದಳು. ಮುಖ್ಯ ರಸ್ತೆಯಲ್ಲಿ ಅವಳದೊಂದು ಕನ್ನಡಕದ ಅಂಗಡಿ. ಜನರಿಂದ ಗೋಡೆಯ ಮೇಲಿನ ಅಕ್ಷರ ಓದಿಸಿ ಓದಿಸಿ, ಯಾರು ಕಂಡದ್ದನ್ನು ಹೇಳುತ್ತಿದ್ದಾರೆ, ಯಾರು ಕಾಣದೆಯೇ ಊಹಿಸಿ ಬಿಡುತ್ತಿದ್ದಾರೆ ಎಂಬುದು ಅವಳಿಗೆ ಕೂಡಲೇ ಗೊತ್ತಾಗಿಬಿಡುತ್ತಿತ್ತು.

"ಯಾಕ್ರೀ, ಬಲಗೈಗೆ ಏನಾಯ್ತು?"

"ಏನಿಲ್ಲ. ಅಭ್ಯಾಸ ಮಾಡ್ತಿದೀನಿ."

"ಓ, ಇವತ್ತು ಬಲಗಡೆ ಸೀಟಲ್ವಾ!" ಎಂದು ಅವಳು ಕನ್ನಡಕ ಏರಿಸಿಕೊಂಡು ಅವನನ್ನೇ ನೋಡಿದಳು. "ಹೋಗ್ಲಿ ಬಿಡಿ, ಒಂದು ದಿನಕ್ಕೆ ಪ್ರಾಣ ಹೋಗಲ್ಲ. ಸಾಯಂಕಾಲ ಐದಕ್ಕೆ ಅದೇನೋ ಮುಗಿಯುತ್ತೆ ಅಂದ್ರಲ್ಲ, ಹಾಕಿದ್ರಾ? ಇಲ್ಲೇ ಅಂತ ತಾನೆ ಹಾಕಿದ್ದು?"

"ಹಾಕ್ದೆ, ಹಾಕ್ದೆ" ಎಂದ. ಎರಡು ಸಲ ಹೇಳಬಾರದಿತ್ತು. ಹೆಂಡತಿ ಹಳದಿ ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ ಕಿಸೆಗಿಟ್ಟುಕೊಂಡಳು.

ಹಾಕಿದ್ದೇನೋ ನಿಜ. ನಿನ್ನೆ ಮಧ್ಯಾಹ್ನ ಕಚೇರಿಯ ಹಿಂದೆ ಕಾರು ನಿಲ್ಲಿಸಿಕೊಂಡು, ಗಾಜು ಏರಿಸಿ, ಕಳ್ಳನ ಹಾಗೆ ಅತ್ತಿತ್ತ ನೋಡಿ, ಯಾವ ಊರು, ಯಾವ ಸೀಟು ಬೇಕೆಂದು ಕಂಪನಿ ಕೇಳಿದ್ದ ಆಯ್ಕೆಗಳನ್ನು ಫೋನಿನಲ್ಲಿ ಒತ್ತಿದ್ದ. ಮೊದಲ ಆಯ್ಕೆ: ದೂರದ ಆ ಊರು, ಎಡಗಡೆಯ ಸೀಟು. ಎರಡನೆಯದು: ಇಲ್ಲೇ, ಎಡಗಡೆ. ಮೂರನೆಯದು: ಇಲ್ಲೇ, ಬಲಗಡೆ. ದೂರದ ಆ ಊರು ಎಂದರೆ ವಿಮಾನದಲ್ಲಿಯೇ ಎರಡು ಗಂಟೆ. ಮನೆಗೆ ಬರುವುದು ರಜೆಯಿದ್ದಾಗ ಮಾತ್ರ. ಅಲ್ಲೊಂದು ಬಾಡಿಗೆ ಕೋಣೆ, ಒಂದು ಮಂಚ, ಒಂದು ಲೋಟ. ಆದರೆ ಎಡಗಡೆಯ ಸೀಟು. ಹತ್ತು ವರ್ಷಕ್ಕೂ ಮೇಲೆ ಅವನು ಎಡಗಡೆಯೇ ಕೂತವನು. ಎಡಗೈಯಲ್ಲಿ ಹಿಡಿಕೆ, ಬಲಗೈಯಲ್ಲಿ ಎಂಜಿನ್ನಿನ ಸನ್ನೆಕೋಲುಗಳು, ಮುಂದೆ ಆಕಾಶ. ಕ್ಯಾಪ್ಟನ್ ಎಂದರೆ ಎಡಗಡೆ, ಎಡಗಡೆ ಎಂದರೆ ತಾನು. ಸಿನಿಮಾ ಮಂದಿರದಲ್ಲೂ ಹೆಂಡತಿಯ ಎಡಕ್ಕೇ ಕೂರುತ್ತಿದ್ದ. ಮಂಚದಲ್ಲೂ ಎಡಗಡೆಯೇ ಅವನದು. ಇಲ್ಲಿನ ಎಡಗಡೆ ಸೀಟುಗಳಲ್ಲಿ ಅವನ ಸರದಿಗೆ ಬರುವ ಹೊತ್ತಿಗೆ ಉಳಿಯುವುದು ಒಂದೇ ಒಂದು. ಅದಕ್ಕೆ ಅವನಿಗಿಂತ ಒಂದೇ ಒಂದು ನಂಬರು ಮೇಲಿರುವವನು ಒಬ್ಬನಿದ್ದ. ಆ ಒಬ್ಬ ಬೇರೆ ಯಾರೂ ಅಲ್ಲ, ಅವನ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಮದುವೆಮನೆಯಲ್ಲಿ ತನ್ನ ಎದುರು ಕೈಕಟ್ಟಿ ನಿಂತು "ಭಾವ, ನಾನೂ ಪೈಲಟ್ಟೇ" ಎಂದು ಹಲ್ಲು ಕಿರಿದಿದ್ದ ಹುಡುಗ.

ವಿಮಾನ ನಿಲ್ದಾಣದ ದಾರಿಯಲ್ಲಿ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು ಅವನು ಮತ್ತೆ ಲೆಕ್ಕ ಹಾಕಿದ, ಹಾಕಿ ಮತ್ತೆ ಬೈದುಕೊಂಡ. ಬೈಯಬೇಕಾದದ್ದು ತನ್ನನ್ನೇ. ನೀಲಿ ಬಾಲದ ಕಂಪನಿ ಅವನದು, ಹಸಿರು ಬಾಲದ ಕಂಪನಿ ಷಡ್ಡಕನದು; ಸಣ್ಣ ಊರುಗಳ ನಡುವೆ, ರೆಕ್ಕೆಗೊಂದು ಫ್ಯಾನು ಕಟ್ಟಿಕೊಂಡು ಹಾರುವ ಸಣ್ಣ ವಿಮಾನಗಳ ಕಂಪನಿಗಳು. ಎರಡೂ ಒಂದಾಗುತ್ತವೆ ಎಂದಾಗ ಪೈಲಟ್ಟುಗಳು ಹೆದರಿದ್ದು ಕೆಲಸಕ್ಕಲ್ಲ, ಸರದಿಗೆ. ಈ ಕಸುಬಿನಲ್ಲಿ ಎಲ್ಲವೂ ಸರದಿಯೇ. ನೀನೆಷ್ಟು ಚೆನ್ನಾಗಿ ಇಳಿಸುತ್ತೀಯ ಎಂದು ಯಾರೂ ಕೇಳುವುದಿಲ್ಲ. ನಿನ್ನ ನಂಬರೆಷ್ಟು ಎಂದು ಕೇಳುತ್ತಾರೆ. ಯಾವ ಊರು, ಯಾವ ಸೀಟು, ಮಕ್ಕಳ ರಜೆಯಲ್ಲಿ ನಿನಗೂ ರಜೆಯೋ ಇಲ್ಲವೋ, ಎಲ್ಲ ಆ ನಂಬರು ಹೇಳಿದಂತೆ. ಹಾಗಾಗಿ ಎರಡು ಪಟ್ಟಿಗಳನ್ನು ಹೇಗೆ ಒಂದು ಮಾಡಬೇಕು ಎಂದು ಪೈಲಟ್ಟುಗಳ ಸಂಘದ ಸಭೆ ಸೇರಿತು. ಕೆಲಸಕ್ಕೆ ಸೇರಿದ ತಾರೀಖಿನಂತೆ ಎಂದರು ಕೆಲವರು. ಇಲ್ಲ, ಅವರವರ ಪಟ್ಟಿಯಲ್ಲಿ ಯಾರು ಎಷ್ಟು ಮೇಲಿದ್ದಾರೋ ಅದೇ ಪ್ರಮಾಣದಂತೆ ಎಂದರು ಇನ್ನು ಕೆಲವರು. ಸಂಘದ ಕಾರ್ಯದರ್ಶಿ, ಮಾತುಮಾತಿಗೆ ಒಪ್ಪಂದದ ಕಲಂ ಹೇಳುವುದರಿಂದ ಎಲ್ಲರ ಬಾಯಲ್ಲಿ 'ಉಪಕಲಂ' ಆಗಿದ್ದ ಮನುಷ್ಯ, ಪ್ರಮಾಣವೇ ನ್ಯಾಯ ಎಂದ. ಆಗ ಇವನು ಅವನನ್ನು ಬೆಂಬಲಿಸಿ ಎದ್ದು ನಿಂತ. ಯಾಕೆ ಎದ್ದನೋ! ನ್ಯಾಯ, ಸಮಾನತೆ, ಹಸಿರಿನವರೂ ನಮ್ಮ ತಮ್ಮಂದಿರೇ ಎಂದೆಲ್ಲ ಗಂಟಲು ಏರಿಸಿ ಮಾತಾಡಿದ. ಚಪ್ಪಾಳೆ ಬಿತ್ತು. ಕೂತ ಮೇಲೂ ಬಿತ್ತು. ಹಸಿರಿನವರಂತೂ ಬೆಂಚು ಬಡಿದರು. ಯಾಕೆ ಅಷ್ಟು ಜೋರಾಗಿ ಬಡಿದರೆಂದು ಅವನಿಗೆ ತಿಳಿದದ್ದು ಪಟ್ಟಿ ಬಂದ ಮೇಲೆ. ನೀಲಿ ಹಳೆಯ ಕಂಪನಿ; ಅಲ್ಲಿ ಇವನ ಮೇಲೆ ತಲೆ ನೆರೆತವರ ದಂಡೇ ಇತ್ತು. ಹಸಿರು ಹೊಸದು, ಅಲ್ಲಿ ಷಡ್ಡಕನೇ ಹಿರಿತಲೆ. ಪ್ರಮಾಣದ ಲೆಕ್ಕದಲ್ಲಿ ಅವನು ಮೇಲೆ ಬಂದ, ಇವನು ಕೆಳಗಿಳಿದ. ಚಪ್ಪಾಳೆ ತಟ್ಟಿಸಿಕೊಂಡು ತನ್ನ ಸೀಟು ತಾನೇ ಬಿಟ್ಟುಕೊಟ್ಟವನು ಇಡೀ ಸಂಘದಲ್ಲಿ ಅವನೊಬ್ಬನೇ ಇರಬೇಕು. ತಾರೀಖಿನಂತೆ ಆಗಿದ್ದರೆ ಷಡ್ಡಕ ಎಲ್ಲೋ ಕೆಳಗೆ, ಕಣ್ಣಿಗೇ ಬೀಳದಷ್ಟು ಕೆಳಗೆ ಇರುತ್ತಿದ್ದ.

ಹೋದ ಭಾನುವಾರ ಅತ್ತೆಯ ಮನೆಯಲ್ಲಿ ಊಟ. ಅತ್ತೆ ಎಲ್ಲರಿಗೂ ಬಡಿಸುತ್ತ, "ಅದೇನೋ ಪಟ್ಟಿ ಬಂತಂತಲ್ಲ, ಯಾರು ಮೇಲೆ?" ಎಂದು ಕೇಳಿದ್ದರು. ಮೇಜಿನ ಸುತ್ತ ಒಮ್ಮೆಲೇ ಎಲ್ಲರಿಗೂ ಅನ್ನ ಕಲಸುವುದೇ ದೊಡ್ಡ ಕೆಲಸವಾಯಿತು. ಕೊನೆಗೆ ನಾದಿನಿಯೇ, ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಮ್ಮೋರು ಅಮ್ಮ. ಒಂದೇ ಒಂದು ನಂಬರು" ಎಂದಳು. ಅತ್ತೆ ಕ್ಷಣ ಯೋಚಿಸಿ, "ಅದೆಲ್ಲ ಮೋಡದ ಮೇಲೆ ಇಟ್ಕೊಳ್ಳಿ. ನನ್ನ ಮನೇಲಿ ಪಟ್ಟಿ ಇನ್ನೂ ಒಂದಾಗಿಲ್ಲ" ಎಂದು ದೊಡ್ಡಳಿಯನ ತಟ್ಟೆಗೆ ಇನ್ನೊಂದು ಸೌಟು ಹೆಚ್ಚಿಗೆ ಸುರಿದರು. ಎಲ್ಲರೂ ನಕ್ಕರು. ಅವನೂ ನಕ್ಕ. ಆ ಹೆಚ್ಚಿನ ಸೌಟು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಕೈ ತೊಳೆಯುವಲ್ಲಿ ಷಡ್ಡಕ ಪಕ್ಕಕ್ಕೆ ಸರಿದು, "ಮೊದಲು ನೀವು, ಭಾವ" ಎಂದಿದ್ದ. ಅದರಲ್ಲಿ ಕುಹಕ ಇತ್ತೇ ಎಂದು ಮೂರು ದಿನ ಹುಡುಕಿದ. ಇರಲಿಲ್ಲ. ಅದೇ ಇನ್ನೂ ಬೇಸರದ ಸಂಗತಿ.

ಈಗ ಷಡ್ಡಕ ವಿಮಾನದ ಮೆಟ್ಟಿಲ ಬುಡದಲ್ಲಿ ನಿಂತು ಚಕ್ರ ನೋಡುತ್ತಿದ್ದ. ಎರಡೂ ಕಂಪನಿಯವರು ಪರಸ್ಪರ ಒಗ್ಗಲಿ ಎಂದು ಕೆಲವು ದಿನ ನೀಲಿಯವನೊಬ್ಬ, ಹಸಿರಿನವನೊಬ್ಬ ಜೊತೆಯಾಗಿ ಹಾರಬೇಕೆಂದು ಕಂಪನಿ ನಿಯಮ ಮಾಡಿತ್ತು. ಇಬ್ಬರೂ ಕ್ಯಾಪ್ಟನ್ನರಾದರೆ ಪಟ್ಟಿಯಲ್ಲಿ ಮೇಲಿರುವವನಿಗೆ ಎಡಗಡೆ. ಇಷ್ಟು ಜನರಲ್ಲಿ ತಮ್ಮಿಬ್ಬರನ್ನೇ ಗಂಟು ಹಾಕಿದ ಮಹಾನುಭಾವ ಯಾರೋ! ಬಲಗಡೆಯಿಂದ ಹಾರಿಸುವುದನ್ನು ಇವನು ಎರಡು ದಿನ ಬೆಳಗ್ಗೆ ನಕಲಿ ಕಾಕ್‌ಪಿಟ್ಟಿನ ತರಬೇತಿ ಡಬ್ಬಿಯಲ್ಲಿ ಕೂತು ಮತ್ತೆ ಕಲಿತು, ಪಾಸಾಗಿಯೂ ಬಂದಿದ್ದ. ಆದರೂ ಕಾಕ್‌ಪಿಟ್ಟಿನ ಬಾಗಿಲು ದಾಟಿದ ಕೂಡಲೇ ಅವನ ದೇಹ ಯಾರನ್ನೂ ಕೇಳದೆ ಎಡಕ್ಕೆ ಹೊರಳಿತು. ಒಂದು ಮಂಡಿ ಸೀಟಿನ ಮೇಲೂರಿದ ಮೇಲೆಯೇ ಎಚ್ಚರವಾದದ್ದು. ಹಿಂದೆ ಷಡ್ಡಕ ಬಾಗಿಲಿಗೆ ಆತು ನಿಂತಿದ್ದ.

"ಕೂತ್ಕೊಳ್ಳಿ ಭಾವ, ಪರವಾಗಿಲ್ಲ."

ಪರವಾಗಿಲ್ಲವಂತೆ! ಇದೇನು ಬಸ್ಸಿನ ಸೀಟೇ, ವಯಸ್ಸಾದವರು ಬಂದರೆಂದು ಎದ್ದು ಬಿಟ್ಟುಕೊಡಲು? "ಕನ್ನಡಕ ಇಲ್ಲಿ ಬಿತ್ತೇನೋ ಅಂತ ನೋಡ್ದೆ" ಎಂದ. ಅವನು ಕನ್ನಡಕ ಹಾಕುವವನೇ ಅಲ್ಲ. ಕನ್ನಡಕದ ಅಂಗಡಿಯವಳ ತಂಗಿಯ ಗಂಡನಿಗೆ ಅದು ಗೊತ್ತಿಲ್ಲದೆ ಇಲ್ಲ. ಷಡ್ಡಕ ಪಾಪ, ಬಗ್ಗಿ ಸೀಟಿನ ಕೆಳಗೆ ಇಣುಕಿ, "ಇಲ್ಲ ಭಾವ, ಏನೂ ಬಿದ್ದಿಲ್ಲ" ಎಂದ.

ಬಲಗಡೆ ಕೂತರೆ ಜಗತ್ತೇ ಕನ್ನಡಿಯೊಳಗಿನದಾಯಿತು. ಬೆಲ್ಟಿನ ಕೊಂಡಿಗೆ ಕೈ ತಪ್ಪು ಕಡೆ ಹೋಯಿತು. ಪೆನ್ನು ಸಿಕ್ಕಿಸಲು ಚಾಚಿದ ಎಡಗೈಗೆ ಗೋಡೆಯ ಕಿಸೆಯ ಬದಲು ಗಾಳಿ ಸಿಕ್ಕಿತು. ಎರಡು ಕಂಪನಿಗಳ, ಒಬ್ಬ ಓದಿ ಇನ್ನೊಬ್ಬ ಉತ್ತರಿಸುವ ತಪಾಸಣೆಯ ಪಾಠವನ್ನೂ ಕತ್ತರಿಸಿ ಅಂಟಿಸಿ ಒಂದು ಮಾಡಿದ್ದರು. ನೀಲಿಯವರು 'ಚೆಕ್ಡ್' ಎನ್ನುವಲ್ಲಿ ಹಸಿರಿನವರು 'ಸೆಟ್' ಎನ್ನಬೇಕು, ಹೊಸದರಲ್ಲಿ ಒಂದೊಂದು ಕಡೆ ಒಂದೊಂದು. ಇವನು 'ಚೆಕ್ಡ್' ಎಂದ. ಷಡ್ಡಕ ಸುಮ್ಮನೆ ಕಾದ. ಇವನು 'ಸೆಟ್' ಎಂದ. ಷಡ್ಡಕ ಮುಂದಿನ ಸಾಲಿಗೆ ಹೋದ. ತಿದ್ದುವುದೇ ಇಲ್ಲ, ಬರೀ ಕಾಯುತ್ತಾನೆ! ಇವನೇ ಆ ಜಾಗದಲ್ಲಿ ಇದ್ದಿದ್ದರೆ ಇಷ್ಟೊತ್ತಿಗೆ ಒಂದು ಸಣ್ಣ ಭಾಷಣ ಮುಗಿದಿರುತ್ತಿತ್ತು.

"ಭಾವ, ನಿಮ್ಮ ಹತ್ರ ಒಂದು ವಿಷಯ..." ಎಂದು ಷಡ್ಡಕ ಗಂಟಲು ಸರಿ ಮಾಡಿಕೊಂಡ. ಅಷ್ಟರಲ್ಲಿ ಕೆಳಗಿನಿಂದ ಎಂಜಿನ್ ಶುರುಮಾಡಲು ಸನ್ನೆಯಾಯಿತು. ಇನ್ನು ಹತ್ತು ಸಾವಿರ ಅಡಿ ಏರುವ ತನಕ ಕೆಲಸದ ಮಾತಲ್ಲದೆ ಬೇರೆ ಮಾತು ಆಡುವಂತಿಲ್ಲ. ಅದು ಎರಡೂ ಕಂಪನಿಗಳಲ್ಲಿ ಒಂದೇ ಆಗಿದ್ದ ನಿಯಮ. ಹೋಗುವಾಗ ಹಾರಿಸುವ ಸರದಿ ಇವನದು. ಓಡುದಾರಿಯ ತನಕ ಷಡ್ಡಕ ಉರುಳಿಸಿಕೊಂಡು ಹೋಗಿ ನಿಲ್ಲಿಸಿ ಕೈಗೆ ಕೊಟ್ಟ. ಇವನು ಬಲಗೈಯಲ್ಲಿ ಹಿಡಿಕೆ, ಅನುಮಾನದ ಎಡಗೈಯಲ್ಲಿ ಸನ್ನೆಕೋಲುಗಳನ್ನು ಹಿಡಿದು ಎತ್ತಿದ. ಎಡಗೈ ಮರ್ಯಾದೆ ಕಾಪಾಡಿತು. ಏರುತ್ತಿದ್ದಷ್ಟು ಹೊತ್ತೂ ಅವನ ತಲೆಯಲ್ಲಿ ಆ 'ಒಂದು ವಿಷಯ' ಸುತ್ತುತ್ತಿತ್ತು. ಏನಿರಬಹುದು? ಇಲ್ಲಿನ ಸೀಟು ತನಗೆ ಬಂತೆಂದು ಕ್ಷಮೆ ಕೇಳುತ್ತಾನೋ? ಕ್ಷಮೆ ಕೇಳಿಬಿಟ್ಟರೆ ಏನೆಂದು ಉತ್ತರ ಕೊಡುವುದು? ಬೈದರೆ ತಡೆದುಕೊಳ್ಳಬಹುದು, ಈ ಹುಡುಗನ ಒಳ್ಳೆಯತನ ತಡೆಯುವುದು ಕಷ್ಟ. ಹತ್ತು ಸಾವಿರ ಅಡಿ ದಾಟಿತು. ಷಡ್ಡಕ ಮತ್ತೆ ಗಂಟಲು ಸರಿಮಾಡಿಕೊಂಡ. ಆ ಹೊತ್ತಿಗೆ ಸರಿಯಾಗಿ ಗಗನಸಖಿ ಎರಡು ಕಾಗದದ ಲೋಟದಲ್ಲಿ ಕಾಫಿ ಹಿಡಿದು ಬಂದಳು. ಇವನು ತನ್ನ ಲೋಟವನ್ನು ಬಲಗೋಡೆಯ ಬಳಿಯ ಲೋಟದ ಗೂಡಿನಲ್ಲಿಟ್ಟ. ಬಾಗಿಲು ಮುಚ್ಚಿತು.

"ಭಾವ, ನಾನು ಆ ದೂರದ ಊರಿಗೆ ಹಾಕಿದೀನಿ. ಮೊದಲನೇ ಆಯ್ಕೆ."

ಕೆಳಗೆ ಒಂದು ನದಿ ಸೋಮಾರಿಯಾಗಿ ತಿರುಗಿಕೊಂಡು ಹೋಗುತ್ತಿತ್ತು. ಅವನು ನದಿಯನ್ನೇ ನೋಡಿದ.

"ಯಾಕೆ? ಇಲ್ಲಿ ಎಡಗಡೆ ನಿಂದೇ ಅಲ್ವಾ? ಮನೇಲಿ ಅವಳು ಏಳು ತಿಂಗಳ ಬಸುರಿ."

"ಅದೆಲ್ಲ ಸರಿ ಭಾವ. ನಾನಿಲ್ಲಿ ಎಡಗಡೆ ಇದ್ರೆ ನೀವು ಬಲಗಡೆ ಬರ್ತೀರಿ. ತಿಂಗಳಲ್ಲಿ ಅರ್ಧಕ್ಕರ್ಧ ದಿನ ನಾವಿಬ್ರೇ. ನನ್ನ ಕೈಲಾಗಲ್ಲ." ಷಡ್ಡಕ ಕಾಲರಿನೊಳಗೆ ಬೆರಳು ತೂರಿಸಿ ಎಳೆದುಕೊಂಡ. "ಬೆಳಗ್ಗೆಯಿಂದ ಬೆನ್ನೆಲ್ಲ ಬೆವರು. ನಾನು ಒಂದು ಗುಂಡಿ ಮುಟ್ಟಿದ್ರೆ ನೀವು ನೋಡ್ತೀರಿ. ಮುಟ್ಟದಿದ್ರೂ ನೋಡ್ತೀರಿ. ಆಮೇಲೆ ನಿಟ್ಟುಸಿರು ಬಿಡ್ತೀರಿ."

"ನಾನೆಲ್ಲಿ ನಿಟ್ಟುಸಿರು ಬಿಟ್ಟೆ?"

"ಈಗ ಬಿಟ್ರಲ್ಲ!"

ಬಿಟ್ಟಿದ್ದು ಹೌದು. ತನಗೇ ಕೇಳಿಸಿತು. ಮಾತು ಕೇಳಿದ ಕ್ಷಣ, ತನಗಾಗಿ ಮಾಡುವ ತ್ಯಾಗ ಎಂದುಕೊಂಡಿದ್ದನಲ್ಲ, ತ್ಯಾಗವೂ ಅಲ್ಲ ಗೀಗವೂ ಅಲ್ಲ. ತನ್ನ ಕಾಟ ತಾಳಲಾರದೆ ಹುಡುಗ ಊರು ಬಿಟ್ಟು ಓಡುತ್ತಿದ್ದಾನೆ. ಅವಮಾನದಿಂದ ಕಿವಿ ಬಿಸಿಯಾಯಿತು. ಅದರ ಬೆನ್ನಿಗೇ, ಬೇಡವೆಂದರೂ, ಲೆಕ್ಕ ಹೊಳೆಯಿತು. ಆ ಊರಲ್ಲೂ ಖಾಲಿ ಇರುವುದು ಒಂದೇ ಸೀಟು. ಷಡ್ಡಕ ಮೇಲಿನ ನಂಬರಿನವನು, ಅದು ಅವನಿಗೆ ಹೋಗುತ್ತದೆ. ಆಗ ತನ್ನ ಮೊದಲ ಆಯ್ಕೆ ಬಿದ್ದುಹೋಗಿ ಎರಡನೆಯದು ಸಿಗುತ್ತದೆ: ಇಲ್ಲೇ, ಮನೆಯಲ್ಲೇ, ಎಡಗಡೆ. ತಾನೇನೂ ಮಾಡಬೇಕಿಲ್ಲ. ಬಾಯಿ ಮುಚ್ಚಿಕೊಂಡು ಸಾಯಂಕಾಲ ಐದು ದಾಟಿಸಿದರೆ ಸಾಕು. ನಿನ್ನೆ ಕಾರಿನಲ್ಲಿ ಕೂತು ಒತ್ತಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಬೆಳಗಿನ 'ಹಾಕ್ದೆ, ಹಾಕ್ದೆ' ಎಂಬ ಸುಳ್ಳೂ ತಾನಾಗಿ ನಿಜವಾಗಿಬಿಡುತ್ತದೆ. ಎಂಥ ಅದೃಷ್ಟ! ಅವನು ಸಂತೋಷಪಡಲು ಪ್ರಯತ್ನಿಸಿದ. ಆಗಲಿಲ್ಲ.

"ಯೋಚನೆ ಮಾಡು" ಎಂದಷ್ಟೇ ಹೇಳಿದ.

"ಮಾಡಾಯ್ತು ಭಾವ."

ಆಮೇಲೆ ಇಬ್ಬರೂ ಗಾಳಿಯ ಬಗ್ಗೆ, ಇಳಿಯುವ ದಿಕ್ಕಿನ ಬಗ್ಗೆ ಮಾತಾಡಿದರು. ಇಳಿಯುವ ಮುಂಚೆ ಲೋಟ ಹಿಂದಕ್ಕೆ ಕೊಡಬೇಕಿತ್ತು. ತಲೆಯೊಳಗೆ ಅಷ್ಟೆಲ್ಲ ಓಡುತ್ತಿದ್ದಾಗ ಅದನ್ನು ಮರೆತೇಬಿಟ್ಟ. ಅಡ್ಡಗಾಳಿಯಲ್ಲಿ ವಿಮಾನವನ್ನು ನೇರ ಮಾಡಿ, ನೆಲಕ್ಕೆ ಗೊತ್ತೇ ಆಗದಂತೆ ಕೂರಿಸಿದ. ಬಲಗಡೆಯಿಂದ! ಹತ್ತು ವರ್ಷಗಳ ಮೇಲೆ! ಷಡ್ಡಕನ ಬಾಯಿಂದ ಮೆಲ್ಲಗೆ "ಆಹಾ" ಹೊರಟಿತು. ಆ 'ಆಹಾ'ವೇ ಮುಳುವಾಯಿತೋ ಏನೋ. ವೇಗ ಇಳಿದ ಮೇಲೆ, ನಿಯಮದಂತೆ, ಷಡ್ಡಕ "ಐ ಹ್ಯಾವ್ ಕಂಟ್ರೋಲ್" ಎಂದ, ಇವನು "ಯೂ ಹ್ಯಾವ್ ಕಂಟ್ರೋಲ್" ಎಂದು ಬಿಟ್ಟುಕೊಟ್ಟ. ನೆಲದ ಮೇಲೆ ವಿಮಾನವನ್ನು ತಿರುಗಿಸುವ ಪುಟ್ಟ ಚಕ್ರ ಇರುವುದು ಎಡಗಡೆಯವನ ಹೊರಗೈಯ, ಅಂದರೆ ಗೋಡೆಯ ಕಡೆಯ ಕೈಯ, ಪಕ್ಕದಲ್ಲಿ ಮಾತ್ರ. ಬಲಗಡೆಯವನಿಗೆ ಅದು ಇಲ್ಲ. ಇದು ಅವನಿಗೆ ಗೊತ್ತಿತ್ತು. ಅವನ ಕೈಗೆ ಗೊತ್ತಿರಲಿಲ್ಲ. ಬೆಳಗ್ಗೆಯಿಂದ ಎಡಗೈಯನ್ನೇ ಅನುಮಾನಿಸುತ್ತ ಕೂತಿದ್ದನಲ್ಲ, ಎಡವಟ್ಟು ಮಾಡಿದ್ದು ಬಲಗೈ. ಹತ್ತು ವರ್ಷ ಮಾಡಿದಂತೆಯೇ ಅವನ ಹೊರಗೈ ಗೋಡೆಯ ಕಡೆಗೆ ಇಳಿದು, ಅಲ್ಲಿ ಸಿಕ್ಕ ದುಂಡನೆಯ ವಸ್ತುವನ್ನು ಭದ್ರವಾಗಿ ಹಿಡಿದು, ನಿಲ್ದಾಣದ ಕಡೆಗೆ ತಿರುಗಿಸಿತು. ಕಾಗದದ ಲೋಟ ಹಿಸುಕಿಹೋಗಿ, ಮುಕ್ಕಾಲು ಲೋಟ ತಣ್ಣನೆಯ ಕಾಫಿ ಅವನ ತೊಡೆಯ ಮೇಲೆ ಸುರಿಯಿತು.

ವಿಮಾನ ಮಾತ್ರ ಅಚ್ಚುಕಟ್ಟಾಗಿ ತಿರುಗಿತು, ಷಡ್ಡಕ ತಿರುಗಿಸಿದ್ದರಿಂದ.

ಷಡ್ಡಕ ನೋಡಿದ. ನಗಲಿಲ್ಲ. ದವಡೆ ಬಿಗಿಹಿಡಿದು, ಮುಂದಿನ ಗೆರೆಯನ್ನೇ ನೋಡುತ್ತ, ವಿಮಾನವನ್ನು ತಂದು ನಿಲ್ಲಿಸಿ, ಎಂಜಿನ್ ಆರಿಸಿ, ತಪಾಸಣೆಯ ಪಾಠವನ್ನು ಕೊನೆಯ ಸಾಲಿನ ತನಕ ಓದಿಸಿದ. ಕೊನೆಯ ಸಾಲಿಗೆ ಇವನು "ಸೆಟ್" ಎಂದ. ಅಲ್ಲಿಗೆ ಷಡ್ಡಕನ ದವಡೆ ಸಡಿಲವಾಯಿತು. ಹಿಡಿಕೆಯ ಮೇಲೆ ಹಣೆಯಿಟ್ಟು, ಭುಜ ಕುಣಿಸುತ್ತ, ಸದ್ದಿಲ್ಲದೆ ನಗತೊಡಗಿದ. ಇವನಿಗೆ ಮೊದಲು ಸಿಟ್ಟು ಬಂತು. ಆಮೇಲೆ ತನ್ನ ಕೈಯನ್ನು ನೋಡಿಕೊಂಡ. ಅದು ಹಿಸುಕಿದ ಲೋಟವನ್ನು ಇನ್ನೂ ಭದ್ರವಾಗಿ ಹಿಡಿದುಕೊಂಡೇ ಇತ್ತು, ವಿಮಾನ ಎಲ್ಲಿ ದಾರಿ ತಪ್ಪುತ್ತದೋ ಎಂಬಂತೆ. ಒಳಗಿನಿಂದ ನಗು ಉಕ್ಕಿ ಬಂತು. ಬಾಗಿಲು ತೆರೆದ ಗಗನಸಖಿ ಇಬ್ಬರನ್ನೂ ನೋಡಿ, ಅವನ ಪ್ಯಾಂಟನ್ನು ನೋಡಿ, ಒಂದು ಹಿಡಿ ಟಿಶ್ಯೂ ಕೊಟ್ಟು, ಏನನ್ನೂ ಕೇಳದೆ ಬಾಗಿಲು ಮುಚ್ಚಿಕೊಂಡು ಹೋದಳು.

ಮರಳಿ ಹಾರುವುದಕ್ಕೆ ಇನ್ನೂ ಹೊತ್ತಿತ್ತು. ಅವನು ಪ್ಯಾಂಟಿನ ಕಲೆಗೆ ಟೋಪಿ ಅಡ್ಡ ಹಿಡಿದುಕೊಂಡು ಸಿಬ್ಬಂದಿಯ ಕೋಣೆಗೆ ಹೋದ. ಪ್ಲಾಸ್ಟಿಕ್ ಕುರ್ಚಿಗಳು, ಗೊರಗೊರ ಎನ್ನುವ ಫ್ರಿಜ್ಜು, ಗೋಡೆಯ ಮೇಲೆ ಸಂಘದ ಹಳೆಯ ಪ್ರಕಟಣೆ, ಅದರ ಕೆಳಗೆ ಉಪಕಲಂನ ವಕ್ರ ಸಹಿ. ಷಡ್ಡಕ ಮೂಲೆಯಲ್ಲಿ ನಿಂತು ಹೆಂಡತಿಗೆ ಫೋನು ಮಾಡುತ್ತಿದ್ದ. "ಕಾಲಿನ ಊತ ಇಳೀತಾ? ದಿಂಬು ಇಟ್ಕೊಂಡು ಮಲಗು ಅಂದಿದ್ನಲ್ಲ... ಹೂಂ... ಇಲ್ಲ, ಭಾವ ಚೆನ್ನಾಗಿದಾರೆ. ಬಹಳ ಚೆನ್ನಾಗಿ ಇಳಿಸಿದ್ರು." ಕಾಫಿಯ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಸಂಜೆಯ ಹೊತ್ತಿಗೆ ಅಕ್ಕನಿಗೆ, ಅತ್ತೆಗೆ, ಅತ್ತೆಯಿಂದ ಇಡೀ ಬೀದಿಗೆ ಹೋಗುತ್ತಿತ್ತು. ಟಿಶ್ಯೂವಿನಿಂದ ತೊಡೆ ಉಜ್ಜಿಕೊಳ್ಳುತ್ತ ಅವನು ಸುಮ್ಮನಿರುವ ಪ್ರಯತ್ನ ಮುಂದುವರಿಸಿದ. ಸುಮ್ಮನಿರುವುದು ಎಷ್ಟು ಸುಲಭ! ಇದಕ್ಕೆ ಸುಳ್ಳು ಕೂಡ ಹೇಳಬೇಕಿಲ್ಲ. ನಾಳೆಯಿಂದ ಮತ್ತೆ ಎಡಗಡೆ. ಷಡ್ಡಕ ಅಲ್ಲಿ ಆ ಬಾಡಿಗೆ ಕೋಣೆಯಲ್ಲಿ, ಆ ಒಂದು ಮಂಚ, ಆ ಒಂದು ಲೋಟ. ನಿನ್ನೆ ತನಗಾಗಿ ಕಲ್ಪಿಸಿಕೊಂಡಾಗ ಗಂಭೀರವಾಗಿ, ಒಂದು ಥರಾ ಚಂದವಾಗಿಯೂ ಕಂಡಿದ್ದ ಆ ಕೋಣೆ, ಅದರೊಳಗೆ ಷಡ್ಡಕನನ್ನು ಕೂರಿಸಿ ನೋಡಿದರೆ ಬರೀ ಪಾಪ ಎನಿಸಿತು. ಮಗು ಹುಟ್ಟಿದ ದಿನ ಇವನೇ ಆಸ್ಪತ್ರೆಗೆ ಹೋಗಿ ನಿಲ್ಲಬೇಕು. ಅತ್ತೆ ಕೇಳುತ್ತಾರೆ, ಚಿಕ್ಕಳಿಯಂದಿರು ಯಾಕೆ ಅಷ್ಟು ದೂರ ಹಾಕಿಕೊಂಡರು ಎಂದು. ಹೆಂಡತಿ ಏನೂ ಕೇಳದೆ ಕನ್ನಡಕ ಏರಿಸಿಕೊಂಡು ತನ್ನನ್ನೇ ನೋಡುತ್ತಾಳೆ. ಅದನ್ನು ಎಷ್ಟು ವರ್ಷ ತಡೆದುಕೊಳ್ಳುವುದು?

"ನೀನು ಊರು ಬಿಡೋ ವಿಷಯ ಅವಳಿಗೆ ಹೇಳಿದೀಯಾ?" ಎಂದು ಕೇಳಿದ, ಷಡ್ಡಕ ಫೋನು ಇಟ್ಟ ಮೇಲೆ.

"ಇಲ್ಲ ಭಾವ. ಸಿಕ್ಕಿದ ಮೇಲೆ ಹೇಳೋಣ ಅಂತ."

"ನಾನೂ ಹೇಳಿಲ್ಲ."

"ನೀವು ಏನು ಹೇಳ್ಬೇಕು?"

"ನಾನೂ ಅದೇ ಊರಿಗೆ ಹಾಕಿದೀನಿ ಕಣೋ. ನಿನ್ನೆ. ಕಾರಿನ ಗಾಜು ಏರಿಸ್ಕೊಂಡು."

ಷಡ್ಡಕ ಕುರ್ಚಿಯಲ್ಲಿ ಮೆಲ್ಲಗೆ ಕೂತ. ಅವನ ಮುಖದ ಮೇಲೆ ಲೆಕ್ಕ ಓಡುವುದು ಕಾಣುತ್ತಿತ್ತು. "ಅಂದ್ರೆ... ನನ್ನಿಂದ ತಪ್ಪಿಸ್ಕೊಳ್ಳೋಕೆ ನೀವು, ನಿಮ್ಮಿಂದ ತಪ್ಪಿಸ್ಕೊಳ್ಳೋಕೆ ನಾನು..."

"ಇಬ್ರೂ ಒಂದೇ ಊರಿಗೆ ಓಡಿ ಹೋಗ್ತಿದ್ವಿ. ಇತ್ತ ಅಕ್ಕ ತಂಗಿ ಇಷ್ಟೊತ್ತಿಗೆ ಫೋನಲ್ಲಿ, ನಮ್ಮೋರು ಇಲ್ಲೇ ಹಾಕಿದಾರೆ, ನಮ್ಮೋರೂ ಇಲ್ಲೇ ಹಾಕಿದಾರೆ ಅಂತ ಖುಷಿ ಪಡ್ತಿರ್ತಾರೆ."

"ಸರಿ, ಹಾಗಾದ್ರೆ ನಾನು ಹೋದ್ರೆ ನಿಮಗೆ ಇಲ್ಲೇ ಎಡಗಡೆ ಸಿಗುತ್ತಲ್ಲ ಭಾವ! ಒಳ್ಳೇದೇ ಆಯ್ತು."

"ಸಿಗುತ್ತೆ. ಹತ್ತು ಸಾವಿರ ಅಡಿಯಿಂದ ಅದೇ ಯೋಚನೆ ನಂಗೆ" ಎಂದ. ಹೇಳಿಬಿಟ್ಟ ಮೇಲೆ ಎದೆ ಹಗುರಾಯಿತು. "ಅದಕ್ಕೇ ಬೇಡ ಅಂತಿರೋದು. ತೆಗೆ ಫೋನು. ಇಲ್ಲೇ ಅಂತ ಬದಲಾಯಿಸು. ಮಗು ಹುಟ್ಟೋ ಹೊತ್ತಿಗೆ ಎಲ್ಲಿಗೋ ಹೋಗ್ತಾನಂತೆ!"

"ಮೊದಲು ನೀವು, ಭಾವ."

"ನಿನ್ನ ನಂಬರು ಮೇಲೆ. ಮೊದಲು ನೀನು. ನಾನು ಸಭೇಲಿ ಎದ್ದು ನಿಂತು ಮಾಡಿಸಿದ ನಿಯಮ ಅದು."

ಷಡ್ಡಕ ಫೋನು ಹಿಡಿದು, ಬೆರಳು ಎತ್ತಿ ನಿಲ್ಲಿಸಿದ. ಹಿಂಜರಿಯುತ್ತ, "ನಿಟ್ಟುಸಿರು?" ಎಂದು ಕೇಳಿದ.

"ಬಿಡಲ್ಲ."

"ಬಾಯಲ್ಲಿ ಹೇಳಿದ್ರೆ ಸಾಲದು ಭಾವ."

"ಉಪಕಲಂಗೆ ಹೇಳಿ ಮುಂದಿನ ಒಪ್ಪಂದದಲ್ಲಿ ಒಂದು ಕಲಂ ಸೇರಿಸೋಣ. ಬಲಗಡೆ ಕೂತ ಹಿರಿಯ ಷಡ್ಡಕ ನಿಟ್ಟುಸಿರು ಬಿಡತಕ್ಕದ್ದಲ್ಲ. ಎಡಗಡೆ ಕೂತ ಕಿರಿಯ ಷಡ್ಡಕ 'ಪರವಾಗಿಲ್ಲ ಭಾವ' ಅನ್ನತಕ್ಕದ್ದಲ್ಲ."

ಷಡ್ಡಕ ಒತ್ತಿದ. ಆಮೇಲೆ ಇವನು ಒತ್ತಿದ. ಇಲ್ಲೇ, ಬಲಗಡೆ. ಒತ್ತುವಾಗ ಎಲ್ಲೋ ಒಂದು ಕಡೆ ಚುರುಕ್ ಎಂದಿತು. ಎನ್ನಲಿಲ್ಲ ಎಂದರೆ ಸುಳ್ಳಾಗುತ್ತದೆ. ನಂತರ ಕೋಣೆಯಿಂದ ಹೊರಗೆ ಬಂದು ಗೋಡೆಯ ನೆರಳಿನಲ್ಲಿ ನಿಂತು ಹೆಂಡತಿಗೆ ಫೋನು ಮಾಡಿದ. ನಿನ್ನೆಯದನ್ನೂ, ಬೆಳಗಿನ 'ಹಾಕ್ದೆ, ಹಾಕ್ದೆ'ಯನ್ನೂ, ಈಗ ಬದಲಾಯಿಸಿದ್ದನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಆ ಕಡೆ ಯಾರೋ ಗೋಡೆಯ ಅಕ್ಷರಗಳನ್ನು ತಡವರಿಸುತ್ತ ಓದುವುದು ಕೇಳಿಸುತ್ತಿತ್ತು. "ಗಿರಾಕಿ ಇದಾರೆ" ಎಂದು ಹೇಳಿ ಅವಳು ಇಟ್ಟುಬಿಟ್ಟಳು.

ವಾಪಸು ಹಾರುವಾಗ ಸರದಿ ಷಡ್ಡಕನದು. ಅವನು ಬೆಳಗಿಗಿಂತ ಸಲೀಸಾಗಿ ಹಾರಿಸಿದ, ಸಣ್ಣಗೆ ಸಿಳ್ಳೆ ಕೂಡ ಹಾಕಿದ. ಇವನು ಒಮ್ಮೆ ಎದೆ ತುಂಬ ಉಸಿರೆಳೆದು, ನೆನಪಾಗಿ, ಅದನ್ನು ಕಂತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟ. ಆದರೂ ಮನಸ್ಸು ಆ 'ಗಿರಾಕಿ ಇದಾರೆ'ಯ ಸುತ್ತಲೇ ಇತ್ತು. ಬೈದಿದ್ದರೆ ಚೆನ್ನಾಗಿತ್ತು. ಮೊದಲ ಸಲ ಎಡಗಡೆ ಸೀಟು ಸಿಕ್ಕಿದ ದಿನ ಅವಳು ನಿಲ್ದಾಣದ ಬೇಲಿಯ ಹತ್ತಿರ ಬಂದು ನಿಂತಿದ್ದಳು, ಹೊಸ ಮದುಮಗಳಿನ್ನೂ. ಎರಡೂ ಕೈಯೆತ್ತಿ ಬೀಸಿದ್ದಳು. ಇವನು ನೋಡಿಯೂ ಕೈಯೆತ್ತಲಿಲ್ಲ. ಒಂದು ಕೈ ತಿರುಗಿಸುವ ಚಕ್ರದ ಮೇಲೆ, ಇನ್ನೊಂದು ಸನ್ನೆಕೋಲುಗಳ ಮೇಲೆ. ಕ್ಯಾಪ್ಟನ್ನನಿಗೆ ನೆಲದ ಮೇಲೆ ಎರಡೂ ಕೈಗೆ ಕೆಲಸ. ಅದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ, ಮನೆಯಲ್ಲಿ ಯಾವ ಜಗಳ ಎಲ್ಲಿಂದ ಶುರುವಾದರೂ, "ಅವತ್ತು ಬೇಲಿ ಹತ್ರ ಗೂಟದ ಥರ ನಿಂತಿದ್ದೆ, ಒಂದು ಕೈ ಎತ್ಲಿಲ್ಲ ಮಹಾರಾಯರು" ಎನ್ನುವಲ್ಲಿಗೆ ಬಂದು ಮುಟ್ಟುತ್ತಿತ್ತು. ಆಮೇಲೆ ಅವಳು ಬೇಲಿಯ ಹತ್ತಿರ ಬರುವುದನ್ನೇ ಬಿಟ್ಟಿದ್ದಳು.

ಇಳಿದರು. ಷಡ್ಡಕ ಸ್ವಲ್ಪ ಜೋರಾಗಿಯೇ ಕುಕ್ಕಿದ. ಇವನು ತುಟಿ ಬಿಗಿ ಹಿಡಿದ, ಮೂಗಿನಿಂದಲೂ ಗಾಳಿ ಬಿಡಲಿಲ್ಲ. "ಥ್ಯಾಂಕ್ಸ್ ಭಾವ" ಎಂದ ಷಡ್ಡಕ, ಮುಂದೆ ನೋಡುತ್ತಲೇ. ಓಡುದಾರಿಯಿಂದ ಹೊರಳಿ ನಿಲ್ದಾಣದ ಕಡೆ ಉರುಳತೊಡಗಿದಾಗ ಇವನ ಕೆಲಸಗಳೆಲ್ಲ ಮುಗಿದವು. ರೆಕ್ಕೆಯ ಹಲಗೆ ಒಳಗೆಳೆದದ್ದಾಯಿತು, ರೇಡಿಯೋದಲ್ಲಿ ಹೇಳುವುದನ್ನು ಹೇಳಿದ್ದಾಯಿತು. ಹೊರಗಿನ ಬಲಗೈ ಹಳೆಯ ಚಾಳಿಯಂತೆ ಗೋಡೆಯ ಕಡೆಗೆ ಹೊರಟಿತು. ಅಲ್ಲಿ ಲೋಟ ಇರಲಿಲ್ಲ. ಗೂಡು ಖಾಲಿ. ಕೈ ಏನು ಮಾಡುವುದೆಂದು ತಿಳಿಯದೆ ಗಾಳಿಯಲ್ಲಿ ನಿಂತಿತು.

ಆಗ ಬಲಗಡೆಯ ಕಿಟಕಿಯಲ್ಲಿ ಬೇಲಿ ಕಂಡಿತು. ಬೇಲಿಯ ಆಚೆ ಅವಳು. ಅಂಗಡಿ ಅರ್ಧ ದಿನಕ್ಕೇ ಮುಚ್ಚಿ ಬಂದಿರಬೇಕು, ಅಂಗಡಿಯ ಬಿಳಿ ಕೋಟೂ ಮೈಮೇಲೆಯೇ ಇತ್ತು. ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡು, ಮನೆಗೆ ತಡವಾಗಿ ಬಂದ ಮಗನನ್ನು ಕಾಯುವವಳ ಹಾಗೆ ನಿಂತಿದ್ದಳು. ಇವತ್ತು ಬಲಗಡೆ ಎಂದು ಗೊತ್ತಿದ್ದರೂ ಅವಳ ಕಣ್ಣು ಅಭ್ಯಾಸದಂತೆ ಎಡಗಡೆಯ ಕಿಟಕಿಯನ್ನು ಹುಡುಕುತ್ತಿತ್ತು. ಇಷ್ಟು ವರ್ಷ ಅವನಿದ್ದದ್ದು ಅಲ್ಲಿಯೇ ಅಲ್ಲವೇ.

ಅವನು ಗಾಳಿಯಲ್ಲಿ ನಿಂತ ಕೈಯನ್ನು ಕಿಟಕಿಗೆ ಎತ್ತಿ ಬೀಸಿದ. ಮೊದಲು ಸಣ್ಣಗೆ, ಯಾರಾದರೂ ನೋಡಿಯಾರು ಎಂಬಂತೆ. ಆಮೇಲೆ ತೋಳು ಸಮೇತ, ಬೇಲಿಯ ಬಳಿ ನಿಂತ ಬೇರೆಯವರೂ ತಿರುಗಿ ನೋಡುವಷ್ಟು ಜೋರಾಗಿ. ನೆಲದ ಮೇಲೆ ಅವನಿಗೀಗ ಮಾಡಲು ಬೇರೆ ಕೆಲಸವೇ ಇರಲಿಲ್ಲ.

"ಭಾವ, ಸ್ವಲ್ಪ ನಿಧಾನ ಮಾಡ್ಲಾ?" ಎಂದು ಷಡ್ಡಕ ಕೇಳಿದ.

"ಮಾಡು."

ಅವಳು ಅವನನ್ನು ಕಂಡಳು. ಕನ್ನಡಕ ತೆಗೆದಳು. ಕಿಸೆಯಿಂದ ಹಳದಿ ಬಟ್ಟೆ ತೆಗೆದು, ಅವಸರವೇ ಇಲ್ಲದೆ, ಒಂದು ಗಾಜು ಒರೆಸಿ, ಇನ್ನೊಂದು ಗಾಜು ಒರೆಸಿ, ಮತ್ತೆ ಏರಿಸಿಕೊಂಡು, ಕೈಗಳನ್ನು ಪುನಃ ಸೊಂಟಕ್ಕಿಟ್ಟು ನೋಡಿದಳು. ಅವನ ಕೈ ಇನ್ನೂ ಬೀಸುತ್ತಲೇ ಇತ್ತು. ಆಗ ಅವಳು ಸೊಂಟದಿಂದ ಒಂದು ಕೈ ತೆಗೆದು ಮೇಲೆತ್ತಿದಳು.